ಮೊಳಕೆ ಮೊದಲು ಮನೆಗೆ, ಮಾರಾಟ ಆಮೇಲೆ



ಹೋದ ವಾರ ನಮ್ಮ ಹುರುಳಿ ಒಕ್ಕಣೆ ಮುಗೀತು. ಹೂವಿನ ಹೊತ್ತಲ್ಲಿ ಮಳೆ ಕೈಕೊಡ್ತು, ಎಕರೆಗೆ ಎರಡು ಕ್ವಿಂಟಾಲ್ ಆದದ್ದೇ ಹೆಚ್ಚು. ವ್ಯಾಪಾರಿ ಕಣಕ್ಕೇ ಬಂದ. "ಪೂರ್ತಿ ಕೊಟ್ಬಿಡಣ್ಣ, ಲೆಕ್ಕ ಸುಲಭ" ಅಂದ. ನಾನು 26 ಸೇರು ಪಕ್ಕಕ್ಕಿಟ್ಟು ಉಳಿದದ್ದನ್ನ ತೂಕಕ್ಕೆ ಹಾಕಿಸಿದೆ. ಪಕ್ಕದ ಹೊಲದವರು ನೋಡಿ ನಕ್ಕರು. "ಎತ್ತು ಮಾರಿ ಆರು ವರ್ಷ ಆಯ್ತು, ಇಷ್ಟು ಹುರುಳಿ ಯಾರಿಗೆ ಬೇಯಿಸಿ ಹಾಕ್ತೀಯಾ?" ಅಂದರು.

ನಮಗೇ ಅಂದೆ. ಅವರು ಇನ್ನೂ ಜೋರಾಗಿ ನಕ್ಕರು. ಅಲ್ಲಿ ನಿಂತು ಪೂರ್ತಿ ಹೇಳಕ್ಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಲೆಕ್ಕ ಇಷ್ಟೇ. ವಾರಕ್ಕೆ ಅರ್ಧ ಸೇರು ಹುರುಳಿ ಮೊಳಕೆ ಕಟ್ಟಿದ್ರೆ ನಾಲ್ಕು ಜನರ ಮನೆಗೆ ಎರಡು ಹೊತ್ತಿನ ಸಾರು. ವರ್ಷಕ್ಕೆ 52 ವಾರ, 26 ಸೇರು.

ಮೊಳಕೆ ವಿಷಯ ಬರೀಬೇಕು ಅಂತ ಅನ್ನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಕಡೆ ಈಗ ಎಲ್ಲರ ಮೊಬೈಲಿಗೂ ಒಂದೇ ವಿಡಿಯೋ ಬರ್ತಾ ಇದೆ. ಒಂದು ರೂಮು, ರ‍್ಯಾಕು, ಲೈಟು, ಟ್ರೇ ತುಂಬ ಬೆರಳುದ್ದದ ಹಸಿರು ಪೈರು. "ಮೈಕ್ರೋಗ್ರೀನ್ಸ್ ಬೆಳೆಸಿ, ತಿಂಗಳಿಗೆ ಅರ್ಧ ಲಕ್ಷ ದುಡೀರಿ, ಜಮೀನೇ ಬೇಡ." ಜಮೀನಿರೋ ನಮಗೇ ಜಮೀನು ಬೇಡ ಅಂತ ಹೇಳಿಕೊಡ್ತಾರೆ.

ನನ್ನ ತಂಗಿ ಮಗ ಅದನ್ನ ನೋಡಿ ಎರಡು ವರ್ಷದ ಹಿಂದೆ ಬಿದ್ದ. ಡಿಗ್ರಿ ಓದಿದ ಹುಡುಗ, ಊರಲ್ಲೇ ಇರ್ತೀನಿ ಅಂತ ಆಸೆ. ಬೆಂಗಳೂರಲ್ಲಿ ಎರಡು ದಿನ ತರಬೇತಿ ಕೊಟ್ಟು, ರ‍್ಯಾಕು, ಲೈಟು, ಟ್ರೇ, ಬೀಜ ಎಲ್ಲಾ ಸೇರಿಸಿ 70 ಸಾವಿರ ತಗೊಂಡರು. ಬೆಳೆದದ್ದನ್ನ ನಾವೇ ವಾಪಸ್ ಕೊಳ್ತೀವಿ ಅಂತ ಕಾಗದವನ್ನೂ ಕೊಟ್ಟರು. ಮೊದಲ ಎರಡು ಸಲ ಕೊಂಡರು. ಮೂರನೇ ಸಲ ಉದ್ದ ಸಾಲದು ಅಂದರು. ನಾಲ್ಕನೇ ಸಲ ಬಣ್ಣ ಸರಿಯಿಲ್ಲ ಅಂದರು. ಆಮೇಲೆ ಫೋನೇ ಎತ್ತಲಿಲ್ಲ. ಹುಡುಗ ಹಠ ಬಿಡದೆ ತಾನೇ ಬೆಳಗಿನ ಬಸ್ಸಲ್ಲಿ ಬೆಂಗಳೂರಿಗೆ ಹೊತ್ತುಕೊಂಡು ಹೋದ. ಬಸ್ಸಿನ ಸೆಕೆಗೆ ಅರ್ಧ ಬಾಡಿ ಹೋಗಿತ್ತು. ಹೋಟೆಲಿನವರು ಮುಟ್ಟಲಿಲ್ಲ. ಮಳೆಗಾಲ ಬಂತು, ಟ್ರೇಗೆಲ್ಲ ಬೂಸಲು ಹಿಡೀತು.

ಆ 70 ಸಾವಿರ ನನ್ನ ತಂಗಿ ಸಂಘದಲ್ಲಿ ಎತ್ತಿ ಕೊಟ್ಟಿದ್ದು. ಹುಡುಗ ಈಗ ಬೆಂಗಳೂರಲ್ಲಿ ಯಾವುದೋ ಗೋಡೌನಲ್ಲಿ ಕೆಲಸಕ್ಕಿದ್ದಾನೆ. ತಂಗಿ ಇನ್ನೂ ವಾರ ವಾರ ಕಂತು ಕಟ್ತಾ ಇದ್ದಾಳೆ. ಅವನಿಗೆ ನಾನು ಆಗ ಬೇಡ ಅನ್ನಲಿಲ್ಲ, ಯಾಕಂದ್ರೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು, ಅದಕ್ಕೆ ಹೇಳ್ತೀನಿ.

ಆ ಟ್ರೇಗಳಲ್ಲಿ ಬೆಳೆದದ್ದು ಏನು? ಮೆಂತ್ಯ, ಸಾಸಿವೆ, ಮೂಲಂಗಿ. ಬೀಜದೆಲೆ ಬಿಚ್ಚಿ ಎಂಟು ಹತ್ತು ದಿನದ ಪೈರಾದಾಗ ಬುಡದಿಂದ ಮೇಲೆ ಕತ್ತರಿಸಿ ತಿನ್ನೋದು. ಬೇರು, ಕಾಳು ಸಮೇತ ತಿಂದ್ರೆ ಮೊಳಕೆ. ಇದು ನಮಗೆ ಹೊಸದಾ? ಮಡಿಯಲ್ಲಿ ಕೀರೆ, ದಂಟು ಚೆಲ್ಲಿದಾಗ ಒತ್ತಾಗಿ ಬಂದ ಪೈರನ್ನ ನಮ್ಮವ್ವ ಕಿತ್ತು ಮಡಿಲಿಗೆ ಹಾಕ್ಕೊಂಡು ಬರೋರು. ಅವತ್ತು ಮಸ್ಸೊಪ್ಪು. ಮೂಲಂಗಿ ಸಾಲು ಬಿಡಿಸಿದ ದಿನವೂ ಅಷ್ಟೇ. ಮೆಂತ್ಯವನ್ನಂತೂ ಮರಳಲ್ಲಿ ಒತ್ತಾಗಿ ಬಿತ್ತಿ ಗೇಣುದ್ದ ಆಗೋಕೆ ಮುಂಚೆ ಕಿತ್ತು ಸಂತೆಗೆ ತರೋರು ಇವತ್ತಿಗೂ ಇದ್ದಾರೆ. ಇನ್ನು ಮೊಳಕೆ ಹುರುಳಿ ಸಾರು, ಮುದ್ದೆ. ಇದನ್ನ ನಮ್ಮ ಕಡೆಯವರಿಗೆ ಯಾರಾದರೂ ಬಂದು ಕಲಿಸಬೇಕಾ?

ಕಲಿಸಬೇಕಾಗಿ ಬಂದಿದೆ. ಅದೇ ನನ್ನ ಬೇಜಾರು. ನಮ್ಮ ಮನೇಲೇ ಹತ್ತು ವರ್ಷ ಮೊಳಕೆ ಕಟ್ಟಿರಲಿಲ್ಲ. ಕಾಳನ್ನ ಪೂರ್ತಿ ಕಣದಲ್ಲೇ ಮಾರೋದು, ಆಮೇಲೆ ಅಂಗಡಿಯಿಂದ ತೊಗರಿಬೇಳೆ ತರೋದು. ಹುರುಳಿ ಅಂದ್ರೆ ದನದ ಕಾಳು, ಬಡವರ ಕಾಳು ಅನ್ನೋ ಮಾತು ಬೇರೆ. ನೆಂಟರು ಬಂದ್ರೆ ಹುರುಳಿ ಸಾರು ಬಡಿಸಕ್ಕೆ ನಾಚಿಕೆ. ಅದೇ ನೆಂಟರು ಬೆಂಗಳೂರಲ್ಲಿ ಮೊಳಕೆ ಕಾಳನ್ನ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಂಡು ತಿಂತಾರೆ.

ನಾವು ಮತ್ತೆ ಶುರು ಮಾಡಿದ್ದು ಹೇಗೆ ಅಂತ ಹೇಳೋಕೆ ಮುಂಚೆ ನಾನು ಮಾಡಿದ ಒಂದು ದೊಡ್ಡ ತಪ್ಪು ಹೇಳ್ಬೇಕು. ಇದನ್ನ ಓದಿ ಒಬ್ಬರು ಎಚ್ಚರ ಆದ್ರೂ ನಾನು ಬರೆದದ್ದು ಸಾರ್ಥಕ.

ನಾಲ್ಕು ವರ್ಷದ ಹಿಂದೆ ಪೂರ್ವ ಮುಂಗಾರಿಗೆ ಅಲಸಂದೆ ಬಿತ್ತಿದೆ. ಬಿತ್ತನೆ ಬೀಜ ಅಂಗಡಿಯಿಂದ ತಂದದ್ದು. ಒಂದು ಸೇರಷ್ಟು ಉಳೀತು. ಹಾಳಾಗೋದು ಬೇಡ ಅಂತ ಚೀಲ ಮಡಚಿ, ಕಾಳನ್ನ ಅಡುಗೆ ಮನೆಯ ಒಂದು ಖಾಲಿ ಡಬ್ಬಕ್ಕೆ ಸುರಿದೆ. ಯಾರಿಗೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಮಗಳು ಮಗೂನ ಕರ್ಕೊಂಡು ಬಂದಿದ್ದಳು. ಮೊಮ್ಮಗಳಿಗೆ ಮೊಳಕೆ ಕಾಳು ಉಸಲಿ ಮಾಡೋಣ ಅಂತ ಅವ್ವ ಆ ಡಬ್ಬದ ಕಾಳು ನೆನೆ ಹಾಕಿದ್ದಾರೆ. ಕಣ್ಣು ಮಂಜು, ಬಣ್ಣ ಕಂಡಿಲ್ಲ. ಬೆಳಿಗ್ಗೆ ನಮ್ಮನೆಯವರು ನೀರು ಬಸಿಯಕ್ಕೆ ಹೋಗಿ ಕೂಗಿದರು, "ಇಲ್ಬನ್ನಿ, ನೀರು ಕುಂಕುಮ ಕದಡಿದಂಗೆ ಆಗೈತೆ!"

ನನ್ನ ಎದೆ ಧಸಕ್ ಅಂತು. ಅದು ಬೀಜೋಪಚಾರ ಮಾಡಿದ ಕಾಳು. ಭೂಮಿಯಲ್ಲಿ ಶಿಲೀಂಧ್ರ, ಹುಳ ಹಿಡೀಬಾರದು ಅಂತ ಔಷಧಿ ಲೇಪಿಸಿ, ಗೊತ್ತಾಗಲಿ ಅಂತಲೇ ಬಣ್ಣ ಹಾಕಿರ್ತಾರೆ. ತಿನ್ನಕ್ಕೆ, ದನಕ್ಕೆ, ಎಣ್ಣೆಗೆ ಬಳಸಬೇಡಿ ಅಂತ ಚೀಲದ ಮೇಲೆ ಬರೆದಿತ್ತು. ಇಂಗ್ಲಿಷಲ್ಲಿ, ಸಣ್ಣಕ್ಕೆ. ಚೀಲದಲ್ಲೇ ಇದ್ದಿದ್ರೆ ಯಾರೂ ಮುಟ್ತಿರಲಿಲ್ಲ. ಡಬ್ಬಕ್ಕೆ ಸುರಿದವನು ನಾನು. ಅವ್ವ "ನಾಕು ನೀರಲ್ಲಿ ತೊಳೆದ್ರೆ ಹೋಗ್ತದೆ ಕಣ್ಲಾ" ಅಂದರು. ಹೋಗಲ್ಲ. ತೊಳೆದ್ರೆ ಬಣ್ಣ ಹೋಗಬಹುದು, ಔಷಧಿ ಪೂರ್ತಿ ಹೋಗುತ್ತೆ ಅನ್ನೋ ಧೈರ್ಯ ಇಲ್ಲ. ಕೆಲವು ಔಷಧಿ ಕಾಳಿನ ಒಳಕ್ಕೇ ಇಳಿದು ಗಿಡಕ್ಕೆ ಏರೋ ಅಂಥವು. ಹೊಲದ ಮೂಲೇಲಿ ಗುಂಡಿ ತೆಗೆದು ಹೂತು ಬಂದೆ. ಮಗು ಉಣ್ಣೋ ತಟ್ಟೆ ಅಲ್ಲೇ ಇತ್ತು. ಇವತ್ತಿಗೂ ಅದು ನೆನಪಾದ್ರೆ ಊಟ ಸೇರಲ್ಲ.

ಅವತ್ತಿಂದ ನಮ್ಮ ಮನೆ ಕಟ್ಟಳೆ: ಬಿತ್ತನೆ ಕಾಳು ಬಾಗಿಲೊಳಗೆ ಬರಂಗಿಲ್ಲ. ಪಂಪ್ ಮನೇಲಿ, ಅದರದ್ದೇ ಚೀಲದಲ್ಲಿ, ಕಟ್ಟಿಟ್ಟಿರಬೇಕು. ಬಾಯಿಗೆ ಹಾಕೋ ಕಾಳು ಬೇರೆ, ಅದನ್ನ ನಮ್ಮ ಕಣದಿಂದಲೇ ಎತ್ತಿಡಬೇಕು. ಹುಳ ಹಿಡೀದಂಗೆ ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಇಡೋದು. ಪುಡಿ, ಮಾತ್ರೆ ಹಾಕಿದ ಕಾಳು ಮೊಳಕೆಗೆ ಬೇಡವೇ ಬೇಡ. ಮೆಂತ್ಯ, ಸಾಸಿವೆ ಪೈರು ಬೆಳೆಸಕ್ಕೂ ಬೀಜದ ಅಂಗಡಿ ಪಾಕೆಟ್ ತರಬೇಡಿ. ದಿನಸಿ ಅಂಗಡಿಯ ಅಡುಗೆ ಮೆಂತ್ಯ ಚೆನ್ನಾಗಿಯೇ ಹುಟ್ಟುತ್ತೆ.

ಇನ್ನೊಂದು, ರಸ್ತೆ ಒಕ್ಕಣೆ. ಬೈಯ್ಯಬೇಡಿ, ನಾನೂ ಮಾಡ್ತೀನಿ. ಆಳು ಸಿಗಲ್ಲ, ಹುರುಳಿ ಗಿಡ ಟಾರು ರಸ್ತೆ ಮೇಲೆ ಹರಡಿ ಬಸ್ಸು ಲಾರಿ ಓಡಿಸ್ತೀವಿ. ಬೈಕಿನವರು ಜಾರಿ ಬೀಳೋ ಪಾಪವೂ ನಮಗೇ. ಆ ಕಾಳಿಗೆ ಟೈರಿನ ಕೊಳೆ, ಎಣ್ಣೆ, ನಾಯಿ ದನದ ಹೊಲಸು ಎಲ್ಲಾ ಅಂಟಿರುತ್ತೆ. ಅದಕ್ಕೆ ನಮ್ಮ ಮನೆಯ 26 ಸೇರನ್ನ ಈ ಸಲ ಟಾರ್ಪಾಲ್ ಮೇಲೆ ಹಾಕಿ ಕೋಲಲ್ಲಿ ಬಡಿದೆವು. ನಾನು, ನಮ್ಮನೆಯವರು, ಎರಡು ಬೆಳಿಗ್ಗೆ ಕೆಲಸ. ಕಾಳೂ ಒಡೆಯಲಿಲ್ಲ. ಒಡೆದ ಕಾಳು ಮೊಳೆಯಲ್ಲ, ಗಂಟಿನೊಳಗೆ ಕೊಳೆತು ಉಳಿದದ್ದನ್ನೂ ಕೆಡಿಸುತ್ತೆ. ಹಾಗಂತ ಟಾರ್ಪಾಲ್ ಕಾಳು ಶುದ್ಧ ಅಂತ ಹೇಳ್ತಿಲ್ಲ. ಹೊಲಕ್ಕೆ ಗೊಬ್ಬರ ಹಾಕಿರ್ತೀವಿ, ಕಣ ಸಗಣಿಯಲ್ಲೇ ಸಾರಿಸಿರ್ತೀವಿ.

ಅದಕ್ಕೇ ಮೊಳಕೇನ ಬೇಯಿಸಿ ತಿನ್ನಿ ಅಂತೀನಿ. ವಿಡಿಯೋದವರು ಹಸಿಯಾಗಿ ತಿನ್ನಿ, ಬೇಯಿಸಿದ್ರೆ ಸತ್ವ ಹೋಗುತ್ತೆ ಅಂತಾರೆ. ಆದ್ರೆ ಮೊಳಕೆ ಬರಕ್ಕೆ ಬೇಕಾದ ಬೆಚ್ಚಗೆ, ತೇವ ಇದೆಯಲ್ಲ, ರೋಗಾಣು ಬೆಳೆಯಕ್ಕೂ ಅದೇ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ತಿಂದು ಸಾವಿರಾರು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಕಾರಣ ಇ-ಕೊಲೈ ಅನ್ನೋ ರೋಗಾಣುವಿನ ಒಂದು ಕೆಟ್ಟ ತಳಿ. ಹುಡುಕುತ್ತಾ ಹೋದಾಗ ಈಜಿಪ್ಟಿನಿಂದ ತರಿಸಿದ ಮೆಂತ್ಯದ ಬೀಜಕ್ಕೆ ಬಂದು ನಿಂತಿತು. ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಮೊದಲು ಅಲ್ಲಿಯವರು ಸ್ಪೇನಿನ ಸೌತೆಕಾಯಿ ಮೇಲೆ ತಪ್ಪು ಹೊರಿಸಿದ್ದರು. ಸೌತೆಕಾಯಿಯದು ಏನೂ ತಪ್ಪಿರಲಿಲ್ಲ. ಅಷ್ಟರಲ್ಲಿ ಅಲ್ಲಿನ ರೈತರ ಮಾಲು ಕೊಳ್ಳೋರಿಲ್ಲದೆ ಹಾಳಾಗಿತ್ತು. ಅಷ್ಟು ಸೌಕರ್ಯ ಇರೋ ದೇಶದಲ್ಲೇ ಹೀಗಾಯ್ತು. ನಮ್ಮ ಹೆಂಗಸರು ಮೊಳಕೆ ಹುರುಳೀನ ಕುದಿಸಿ ಸಾರು ಮಾಡಿದ್ದು ಸುಮ್ಮನೆ ಅಲ್ಲ. ಹೆಸರುಕಾಳು ಉಸಲಿಗೂ ಒಂದು ಕುದಿ ಬರಿಸಿ.

ಕೆಲವು ಕಾಳಂತೂ ಹಸಿಯಾಗಿ ತಿನ್ನಲೇಬಾರದು. ರಾಜ್ಮಾ ಹಸಿಯಾಗಿ ತಿಂದ್ರೆ ವಾಂತಿ ಭೇದಿ ಆಗುತ್ತೆ, ಅದನ್ನ ಚೆನ್ನಾಗಿ ಕುದಿಸಬೇಕು. ಅವರೆಯನ್ನೂ ಬೇಯಿಸಿಯೇ ತಿನ್ನಬೇಕು. ಜೋಳದ ಎಳೆ ಪೈರಿನ ವಿಷಯ ದನ ಸಾಕಿದವರಿಗೆ ಹೇಳಬೇಕಾಗಿಲ್ಲ. ಎಳೆ ಜೋಳ ಮೇಯ್ದ ಹಸು ಬಿದ್ದು ಸತ್ತದ್ದು ನಾವು ನೋಡಿದ್ದೀವಿ. ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತೆ. ಹಸು ತಿನ್ನಬಾರದ್ದನ್ನ ಟ್ರೇನಲ್ಲಿ ಬೆಳೆದು ನಾವು ತಿನ್ನೋದು ಬೇಡ.

ಇನ್ನು ನಾನು ಮಾಡೋ ರೀತಿ. ಹೌದು, ನಾನೇ ಮಾಡೋದು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ ಅಡುಗೆ ಮಾಡಿ ಹೊಲಕ್ಕೆ ಬರೋ ಹೆಂಗಸಿಗೆ ಮೊಳಕೆಯನ್ನೂ ಕಟ್ಟು ಅಂದ್ರೆ ನಾಲ್ಕು ದಿನ ಮಾಡ್ತಾರೆ, ಐದನೇ ದಿನ ಬಿಡ್ತಾರೆ. ಮೊಳಕೆ ನಮ್ಮ ಮನೆಗಳಿಂದ ಹೋಗಿದ್ದಕ್ಕೆ ಅದೂ ಒಂದು ಕಾರಣ. ಕಾಳು ನೆನೆಸೋದು ಗಂಡಸಿನ ಕೈಗೇನು ಭಾರ?

ಹುರುಳಿಯನ್ನ ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಮೂರು ನೀರು ತೊಳೆದು ರಾತ್ರಿ ನೆನೆ ಹಾಕ್ತೀನಿ. ತೇಲೋ ಕಾಳು ಎತ್ತಿ ಹಸುವಿಗೆ. ಬೆಳಿಗ್ಗೆ ನೀರು ಪೂರ್ತಿ ಬಸಿದು, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೇತು ಹಾಕೋದು. ಬಿಗಿ ಕಟ್ಟಿದ್ರೆ ಒಳಗೆ ಬಿಸಿಯಾಗಿ ಲೋಳೆ ಬರುತ್ತೆ. ಸಂಜೆ ಒಂದು ಸಲ ಬಿಚ್ಚಿ ತೊಳೆದು ಮತ್ತೆ ಕಟ್ಟೋದು. ಬೇಸಿಗೆಯಲ್ಲಿ ಮಾರನೇ ಬೆಳಿಗ್ಗೆಗೆ ಮೊಳಕೆ, ಚಳಿಯಲ್ಲಿ ಇನ್ನೂ ಒಂದು ದಿನ. ಹುಳಿ ವಾಸನೆ, ಲೋಳೆ ಬಂದ್ರೆ ಯೋಚನೆ ಮಾಡದೆ ಎಸೀರಿ. ಸಾರು ನಿಮಗೆ ಗೊತ್ತೇ ಇದೆ. ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಕಾರದ ಪುಡಿ, ಚೂರು ಚಕ್ಕೆ ಲವಂಗ ರುಬ್ಬಿ, ಬದನೆಕಾಯಿ, ಆಲೂಗಡ್ಡೆ ಹಾಕಿ ಕುದಿಸಿದ್ರೆ ಬಾಡಿನ ಸಾರು ಬೇಡ ಅನ್ನಿಸುತ್ತೆ. ಒಲೆಯಿಂದ ಇಳಿಸಿ, ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿ.

ರಾಗಿಗೂ ಹಾಗೇ. ಒಂದು ರಾತ್ರಿ ನೆನೆಸಿ, ಒಂದೂವರೆ ಎರಡು ದಿನ ಕಟ್ಟಿ, ಗರಿಗರಿಯಾಗಿ ಒಣಗಿಸಿ, ಮೊರದಲ್ಲಿ ಉಜ್ಜಿ ಬೇರು ತೂರಿ, ಘಮ ಬರೋಷ್ಟು ಮಾತ್ರ ಹುರಿದು ಮಿಲ್ಲಿಗೆ. ಮೊಳಕೆ ರಾಗಿ ಹಿಟ್ಟಿನ ಅಂಬಲಿ ಬೇಗ ಗಟ್ಟಿಯಾಗಲ್ಲ. ಮೊಳಕೆಯೊಡೆದಾಗ ರಾಗಿಯೊಳಗಿನ ಪಿಷ್ಟ ಒಡೆದು ತೆಳುವಾಗುತ್ತೆ. ಹಾಗಾಗಿ ಆರು ತಿಂಗಳು ತುಂಬಿದ ಮಗುವಿಗೆ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಕಲಸಿ ಕುಡಿಸಬಹುದು, ಸಣ್ಣ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತೆ. ಜಾಸ್ತಿ ಹುರಿದು ಕಪ್ಪು ಮಾಡಿದ್ರೆ ಆ ಗುಣ ಹೋಗುತ್ತೆ. ಅಂಗಡಿ ಡಬ್ಬಿಗೆ ದುಡ್ಡು ಸುರಿಯೋ ಬಾಣಂತಿ ಮನೆಯವರು ಇದನ್ನ ಗಮನಿಸಿ.

ಎಳೆ ಪೈರಿಗೆ ನಮ್ಮ ಹುಡುಗನ ಟ್ರೇಗಳಲ್ಲಿ ಆರು ತಂದು ಇಟ್ಟುಕೊಂಡಿದ್ದೀನಿ. ಇಲ್ಲದಿದ್ರೂ ಚಿಂತೆಯಿಲ್ಲ, ತಳ ತೂತಾದ ಬಾಂಡ್ಲಿ ಸಾಕು. ನಾರಿನ ಫ್ಯಾಕ್ಟರಿ ಹತ್ತಿರ ಇದ್ರೆ ಅಲ್ಲಿನ ಪುಡಿ ತಂದು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಅದರ ಉಪ್ಪು, ಒಗರು ಕಳೀಬೇಕು. ಎರಡು ಬೆರಳು ದಪ್ಪ ಹರಡಿ, ರಾತ್ರಿ ನೆನೆಸಿದ ಮೆಂತ್ಯ ಒಂದು ಹಿಡಿ ಚೆಲ್ಲಿ, ಎರಡು ದಿನ ಮುಚ್ಚಿಡಿ. ಆಮೇಲೆ ಜಗುಲಿ ಬೆಳಕಲ್ಲಿ ಇಟ್ಟು ದಿನಾ ನೀರು ಚಿಮುಕಿಸಿದ್ರೆ ಎಂಟು ಹತ್ತು ದಿನಕ್ಕೆ ಕತ್ತರಿಸಬಹುದು. ಹಸಿ ಗೊಬ್ಬರ, ಗಂಜಳ, ಸ್ಲರಿ ಹಾಕಲೇಬೇಡಿ. ಕಾಳಲ್ಲಿರೋ ಸತ್ವವೇ ಹತ್ತು ದಿನಕ್ಕೆ ಸಾಕು. ಮೂಲಂಗಿ, ಸಾಸಿವೆ ಬೇರಿಗೆ ಬಿಳೀ ನವಿರು ಬಂದ್ರೆ ಬೂಸಲು ಅಂತ ಹೆದರಬೇಡಿ. ನೀರು ಚಿಮುಕಿಸಿದ್ರೆ ಅದು ಅಡಗುತ್ತೆ. ಬೂಸಲಾದ್ರೆ ಅಡಗಲ್ಲ, ಜೇಡರ ಬಲೆಯಂಗೆ ಕಾಂಡಕ್ಕೆ ಹಬ್ಬಿ ಮುಗ್ಗು ವಾಸನೆ ಬರುತ್ತೆ, ಆ ಟ್ರೇ ತಿಪ್ಪೆಗೆ. ಅಕ್ಕಿ ರೊಟ್ಟಿಗೆ, ಬೇಳೆ ಸಾರಿಗೆ ಈ ಮೆಂತ್ಯದ ಪೈರು ಒಂದು ಹಿಡಿ ಬಿದ್ರೆ ಮನೆಯೆಲ್ಲಾ ಘಮ. ಮೇ ತಿಂಗಳಲ್ಲಿ ಹೊಲದಲ್ಲಿ ಒಂದು ಎಲೆ ಸೊಪ್ಪು ಇಲ್ಲದಾಗ ಇದರ ಬೆಲೆ ಗೊತ್ತಾಗುತ್ತೆ.

ಇದರಿಂದ ಏನು ಲಾಭ? ನಮ್ಮನೆಯವರಿಗೆ ರಕ್ತ ಕಮ್ಮಿ ಅಂತ ಆಶಾ ಕಾರ್ಯಕರ್ತೆ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಕೊಡಿಸಿದರು. ಕಾಳಲ್ಲಿ ಕಬ್ಬಿಣದಂಶ ಇದ್ರೂ ಅದನ್ನ ಮೈಗೆ ಹತ್ತದಂಗೆ ಹಿಡಿದಿಡೋ ಒಂದು ಅಂಶವೂ ಕಾಳಲ್ಲೇ ಇರುತ್ತೆ, ಮೊಳಕೆ ಕಟ್ಟಿದಾಗ ಅದು ಕಮ್ಮಿಯಾಗುತ್ತೆ. ನಿಂಬೆಹುಳಿ ಸೇರಿದ್ರೆ ಇನ್ನೂ ಚೆನ್ನಾಗಿ ಹತ್ತುತ್ತೆ. ಉಂಡ ಕೂಡಲೇ ಟೀ ಕುಡಿದ್ರೆ ಅಷ್ಟೂ ಕೆಡುತ್ತೆ. ಮೊಳಕೆ ತಿಂದ್ರೆ ಸಕ್ಕರೆ ಕಾಯಿಲೆ ಹೋಗುತ್ತೆ, ಮಾತ್ರೆ ಬಿಡಿ ಅನ್ನೋರ ಮಾತು ಕೇಳಬೇಡಿ. ನಮ್ಮನೆಯವರು ಮಾತ್ರೆಯನ್ನೂ ನುಂಗಿದರು, ಹುರುಳಿ ಸಾರನ್ನೂ ಉಂಡರು. ಯಾವುದರಿಂದ ಎಷ್ಟು ಅಂತ ನಾನು ಭಾಗ ಮಾಡಲ್ಲ. ಈಗ ಮೆಟ್ಟಿಲು ಹತ್ತಿದ್ರೆ ಏದುಸಿರು ಇಲ್ಲ.

ದುಡ್ಡಿನ ಮಾತಿಗೆ ಬರ್ತೀನಿ. ಇದನ್ನ ಮಾರಲೇಬಾರದು ಅಂತ ನನ್ನ ವಾದ ಅಲ್ಲ. ಪಟ್ಟಣದ ಪಕ್ಕದಲ್ಲಿದ್ದು, ನಾಲ್ಕು ಗಿರಾಕಿ ಮೊದಲೇ ಗೊತ್ತಿದ್ದು, ತಣ್ಣಗೆ ಸಾಗಿಸಕ್ಕೆ ದಾರಿ ಇದ್ರೆ ಮಾಡಿ. ನಾವು ಬೆಳೆಯೋ ಹುರುಳಿ ಒಂದು ವರ್ಷ ಕಾಯುತ್ತೆ. ಈ ಪೈರು ಕತ್ತರಿಸಿದ ಮೇಲೆ ಒಂದು ಮಧ್ಯಾಹ್ನವೂ ಕಾಯಲ್ಲ. ಬೆಲೆ ಇಲ್ಲ ಅಂದ್ರೆ ಮನೇಲಿಟ್ಟು ನೋಡೋಣ ಅನ್ನೋ ಹಾಗಿಲ್ಲ. ಯಾರಾದ್ರೂ ಟ್ರೇ ಮಾರಕ್ಕೆ ಬಂದು ವಾಪಸ್ ಕೊಳ್ತೀವಿ ಅಂದ್ರೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಲಾಭ ಸೊಪ್ಪು ಮಾರಿದ್ದರಿಂದ ಬರುತ್ತಾ, ನನಗೆ ಟ್ರೇ ಮಾರಿದ್ದರಿಂದ ಬರುತ್ತಾ?" ನಮ್ಮ ಹುಡುಗ ಇದನ್ನ ಕೇಳಿದ್ದಿದ್ರೆ ತಂಗಿಯ ಕಂತು ಇರ್ತಿರಲಿಲ್ಲ.

ಆರು ತಿಂಗಳು ಮನೆಗೆ ಬೆಳೀರಿ. ಬೂಸಲು ಯಾಕೆ ಬಂತು, ಎಷ್ಟು ದಿನಕ್ಕೆ ಬಂತು, ಮನೆಯವರು ಇಷ್ಟಪಟ್ಟು ತಿಂದರಾ, ಎಲ್ಲಾ ಗೊತ್ತಾಗುತ್ತೆ. ಅದಕ್ಕೆ ಖರ್ಚು ಒಂದು ಹಿಡಿ ಮೆಂತ್ಯ. ಆಮೇಲೂ ಮಾರಬೇಕು ಅನ್ನಿಸಿದ್ರೆ ಆಗ ಯೋಚಿಸಿ.

ಇನ್ನೂ ಒಕ್ಕಣೆ ಆಗದವರಿಗೆ ನನ್ನ ಕೋರಿಕೆ ಇಷ್ಟೇ. ವ್ಯಾಪಾರಿ ತಕ್ಕಡಿ ಎತ್ತೋಕೆ ಮುಂಚೆ ಮನೆ ಪಾಲು ಎತ್ತಿಡಿ. ಹಾಗೇ ಇವತ್ತು ರಾತ್ರಿ ಅಡುಗೆ ಮನೆ ಡಬ್ಬಗಳನ್ನ ಒಂದು ಸಲ ತೆಗೆದು ನೋಡಿ, ಬಣ್ಣದ ಕಾಳು ಎಲ್ಲಾದರೂ ಕೂತಿದ್ರೆ ಆಚೆ ಹಾಕಿ.

ಮೊನ್ನೆ ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ಮೆಂತ್ಯದ ಟ್ರೇ ಮುಂದೆ ಕೂತು, "ತಾತ, ನಾನು ಕಟ್ ಮಾಡ್ಲಾ?" ಅಂದಳು. ಕತ್ತರಿ ಕೊಟ್ಟೆ. ಅರ್ಧ ಜಗುಲಿಗೆ, ಅರ್ಧ ತಟ್ಟೆಗೆ ಬಿತ್ತು. ಅವ್ವ ಅದನ್ನೇ ಆರಿಸಿ ರೊಟ್ಟಿಗೆ ಹಾಕಿದರು.

ನಿಮ್ಮ ಮನೇಲಿ ಯಾವ ಕಾಳು ಮೊಳಕೆ ಕಟ್ತೀರಾ, ಸಾರಿಗೆ ಏನು ಹಾಕ್ತೀರಾ ಬರೀರಿ. ನಮ್ಮನೆಯವರು ಓದಿ ಹೇಳು ಅಂದಿದ್ದಾರೆ.